ತಾಲ್ಲೂಕು ನ್ಯಾಯಾಧೀಶರ ನಡವಳಿಕೆಯ ಬಗ್ಗೆ ದೂರು ಕೊಡುವುದು ಎಲ್ಲಿ, ಅದನ್ನು ಪರಿಶೀಲಿಸುವವರು ಯಾರು?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ)

ಎಲ್ಲರಿಗೂ ನಮಸ್ಕಾರ. ಕಾನೂನು ತಿಳಿದವರು ದಯವಿಟ್ಟು ಪೂರ್ತಿ ಓದಿ ಉತ್ತರಿಸಬೇಕೆಂದು ಕೋರುತ್ತೇನೆ.

ನನ್ನ ತಾಯಿಗೆ ಈಗ ಎಪ್ಪತ್ನಾಲ್ಕು ವರ್ಷ. ತವರಿನ ಜಮೀನಿನಲ್ಲಿ ತಮ್ಮ ಪಾಲು ಕೇಳಿ ಅಣ್ಣತಮ್ಮಂದಿರ ಮೇಲೆ ಅವರು ಹೂಡಿರುವ ವಿಭಾಗ ದಾವೆ ನಮ್ಮ ತಾಲ್ಲೂಕಿನ ನ್ಯಾಯಾಲಯದಲ್ಲಿ ಏಳು ವರ್ಷದಿಂದ ನಡೆಯುತ್ತಿದೆ. ಕಳೆದ ವರ್ಷ ಅವರ ಪಾಟೀಸವಾಲು ಶುರುವಾಯಿತು. ಎದುರು ವಕೀಲರು ಸರ್ವೆ ನಂಬರು ಕೇಳಿದಾಗ ನನ್ನ ತಾಯಿ, ತಾವು ಹುಟ್ಟಿದಾಗಿನಿಂದ ಕರೆದುಕೊಂಡು ಬಂದ ಹಾಗೆ, ‘ಹುಣಸೆಮರದ ಹೊಲ, ಬಾವಿ ಹೊಲ, ಕೆರೆ ಹಿಂದಿನ ಗದ್ದೆ’ ಎಂದು ಹೇಳಿದರು. ಆಗ ಪೀಠದ ಮೇಲಿದ್ದವರು ಏರು ದನಿಯಲ್ಲಿ, ‘ನಂಬರು ಗೊತ್ತಿಲ್ಲದವಳು ಪಾಲು ಕೇಳೋಕೆ ಯಾಕೆ ಬಂದೆ, ಸುಳ್ಳು ಹೇಳೋದನ್ನ ಯಾರು ಕಲಿಸಿಕೊಟ್ರು’ ಎಂದರು. ತಾಯಿ ಕಟಕಟೆಯ ಹಿಡಿಗಂಬವನ್ನು ಹಿಡಿದುಕೊಂಡು ನಿಂತುಬಿಟ್ಟರು, ಆಮೇಲೆ ಒಂದು ಮಾತೂ ಹೊರಡಲಿಲ್ಲ. ಆ ದಿನದ ಆರ್ಡರ್ ಶೀಟಿನ ನಕಲು ಪಡೆದು ನೋಡಿದರೆ ಅದರಲ್ಲಿ ಇರುವುದು ಇಷ್ಟೇ: ಪಿ.ಡಬ್ಲ್ಯು.1 (ವಾದಿ ಪರ ಮೊದಲ ಸಾಕ್ಷಿ, ಅಂದರೆ ನನ್ನ ತಾಯಿ) ಹಾಜರು, ಪಾಟೀಸವಾಲು ಭಾಗಶಃ ಆಗಿದೆ, ಮುಂದಿನ ಪಾಟೀಸವಾಲಿಗೆ ಇಡಲಾಗಿದೆ.

ಅದಾದ ಮೇಲೆ ಎರಡು ವಾಯಿದೆಗಳಂದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಎದುರು ವಕೀಲರು ಒಬ್ಬರೇ ನ್ಯಾಯಾಧೀಶರ ಛೇಂಬರಿಗೆ ಹೋಗಿ ಬಂದುದನ್ನು ನಾನೇ ಕಂಡಿದ್ದೇನೆ. ದಾವಾ ಜಮೀನನ್ನು ಮಾರದಂತೆ ತಡೆಯಾಜ್ಞೆ ಕೋರಿ ನಾವು ಹಾಕಿದ್ದ ಅರ್ಜಿಯೂ ವಜಾ ಆಯಿತು.

ನಾಲ್ಕು ತಿಂಗಳ ಹಿಂದೆ ಇದೆಲ್ಲವನ್ನೂ ಬರೆದು ಹೈಕೋರ್ಟಿಗೆ ಅಂಚೆಯಲ್ಲಿ ದೂರು ಕಳುಹಿಸಿದೆ. ಉತ್ತರವಿಲ್ಲ. ನಮ್ಮ ವಕೀಲರು ಈ ಗೊಡವೆಗೇ ಹೋಗಬೇಡಿ, ನ್ಯಾಯಾಂಗ ನಿಂದನೆ ಆಗುತ್ತದೆ ಎಂದು ಹೆದರಿಸುತ್ತಾರೆ. ಪತ್ರಿಕೆಗಳಲ್ಲಿ ದೆಹಲಿಯ ನ್ಯಾಯಮೂರ್ತಿಯೊಬ್ಬರ ವಿರುದ್ಧ ಸಂಸತ್ತಿನ ಸಮಿತಿ ನೇಮಕವಾಯಿತೆಂದು ಓದಿದೆ. ತಾಲ್ಲೂಕಿನ ನ್ಯಾಯಾಧೀಶರಿಗೂ ಅಂಥದೇ ವಿಧಾನವಿದೆಯೇ? ದೂರು ಕೊಡುವುದರಿಂದ ನಿಜವಾಗಿಯೂ ನಿಂದನೆಯಾಗುತ್ತದೆಯೇ? ಸರಿಯಾದ ದಾರಿ ಯಾವುದು?

ಉತ್ತರ 1 (ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿ ಮಾಡುವವರು)

ಮೇಡಂ, ಮೊದಲು ನಿಂದನೆಯ ಭಯವನ್ನು ಬದಿಗಿಡಿ. 1971ರ ನ್ಯಾಯಾಲಯ ನಿಂದನಾ ಕಾಯ್ದೆಯ 6ನೇ ಕಲಮನ್ನು ನಿಮ್ಮ ವಕೀಲರಿಗೂ ತೋರಿಸಿ. ಅಧೀನ ನ್ಯಾಯಾಲಯದ ಪೀಠಾಧಿಕಾರಿಯ ಬಗ್ಗೆ ಯಾರಾದರೂ ಸದ್ಭಾವನೆಯಿಂದ ಆ ನ್ಯಾಯಾಲಯದ ಮೇಲಿನ ಹೈಕೋರ್ಟಿಗೆ, ಅಥವಾ ಇನ್ನೊಂದು ಅಧೀನ ನ್ಯಾಯಾಲಯಕ್ಕೆ, ಹೇಳಿಕೆ ಸಲ್ಲಿಸಿದರೆ ಅದು ನಿಂದನೆಯಲ್ಲ ಎಂದು ಅದು ನೇರವಾಗಿ ಹೇಳುತ್ತದೆ. ಅದೇ ಮಾತನ್ನು ವಾಟ್ಸ್ಆಪ್ ಗುಂಪಿನಲ್ಲಿ ಹೆಸರು ಹಾಕಿ ಹರಡಿದರೆ ಈ ರಕ್ಷಣೆ ಸಿಗುವುದಿಲ್ಲ. ನೀವು ಇಲ್ಲಿ ಊರಿನ ಹೆಸರನ್ನೂ ನ್ಯಾಯಾಧೀಶರ ಹೆಸರನ್ನೂ ಬರೆಯದೆ ಇದ್ದುದು ಒಳ್ಳೆಯದಾಯಿತು.

ಎರಡನೆಯದು, ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಹೈಕೋರ್ಟಿಗೆ ಕಳುಹಿಸಿದ ದೂರಿನಲ್ಲಿಯೂ ಹಾಗೆಯೇ ಆಗಿರಬೇಕೆಂದು ನನ್ನ ಊಹೆ, ಮತ್ತು ದೂರುಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ತಡೆಯಾಜ್ಞೆ ಅರ್ಜಿ ವಜಾ ಆದದ್ದು ಆದೇಶದ ವಿಷಯ. ಅದಕ್ಕೆ ಉತ್ತರ ಮೇಲ್ಮನವಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 43ನೇ ಆರ್ಡರಿನ 1ನೇ ನಿಯಮದ ಪ್ರಕಾರ ತಾತ್ಕಾಲಿಕ ತಡೆಯಾಜ್ಞೆಯ ಆದೇಶದ ಮೇಲೆ ಅಪೀಲು ಹೋಗಬಹುದು. ಅವಧಿ ಮೀರಿದ್ದರೆ ವಿಳಂಬ ಮನ್ನಿಸಲು ಅರ್ಜಿಯ ಜೊತೆಗೆ ಹೋಗಬೇಕಾದೀತು. ಆದೇಶ ತಪ್ಪಾಗಿದೆ ಎಂಬುದನ್ನೇ ದುರ್ನಡತೆ ಎಂದು ಬರೆದ ದೂರನ್ನು ಹೈಕೋರ್ಟು ಒಪ್ಪುವುದಿಲ್ಲ, ಒಪ್ಪಲೂಬಾರದು. ಕೃಷ್ಣಪ್ರಸಾದ್ ವರ್ಮಾ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು: ತಪ್ಪು ಆದೇಶ ಕೊಟ್ಟರೆಂಬ ಒಂದೇ ಕಾರಣಕ್ಕೆ ನ್ಯಾಯಾಂಗ ಅಧಿಕಾರಿಯ ಮೇಲೆ ಶಿಸ್ತು ಕ್ರಮ ಸಲ್ಲದು, ಅದರ ಹಿಂದೆ ಹೊರಗಿನ ಪ್ರಭಾವವೋ ಲಾಭದ ಆಸೆಯೋ ಇತ್ತೆಂದು ತೋರಬೇಕು. ಪ್ರತಿಯೊಂದು ಆದೇಶಕ್ಕೂ ಸೋತ ಪಕ್ಷದವರು ದೂರು ಹಾಕುವಂತಾದರೆ, ಧೈರ್ಯವಾಗಿ ಜಾಮೀನು ಕೊಡುವ ನ್ಯಾಯಾಧೀಶರು ತಾಲ್ಲೂಕಿನಲ್ಲಿ ಉಳಿಯುವುದಿಲ್ಲ.

ಕಟಕಟೆಯಲ್ಲಿ ನಿಂತ ಹಿರಿಯ ಹೆಂಗಸಿಗೆ ಆಡಿದ ಮಾತು ಮಾತ್ರ ಶುದ್ಧವಾಗಿ ನಡವಳಿಕೆಯ ವಿಷಯ. ಅದು ಅಪೀಲಿನಲ್ಲಿ ಬರುವುದೇ ಇಲ್ಲ, ಏಕೆಂದರೆ ದಾಖಲೆಯಲ್ಲಿ ಅದು ಇಲ್ಲ. ಅದಕ್ಕೆ ದೂರೇ ದಾರಿ. ಛೇಂಬರಿನ ವಿಷಯ ಈ ಎರಡರ ನಡುವೆ ಇದೆ. ವಕೀಲರು ಛೇಂಬರಿಗೆ ಹೋಗುವುದಕ್ಕೆ ನೂರು ಕಾರಣಗಳಿರುತ್ತವೆ, ವಕೀಲರ ಸಂಘದ ಕಾರ್ಯಕ್ರಮದ ಆಹ್ವಾನ ಕೊಡಲೂ ಹೋಗುತ್ತಾರೆ. ನೀವು ಕಂಡದ್ದು ಹೋಗಿ ಬಂದುದನ್ನು ಮಾತ್ರ. ಆದ್ದರಿಂದ ಅಷ್ಟನ್ನೇ ಬರೆಯಿರಿ, ಒಳಗೆ ಏನು ನಡೆಯಿತೆಂದು ನೀವು ಊಹಿಸಿದ್ದನ್ನು ಬರೆಯಬೇಡಿ. ಪಕ್ಷಪಾತದ ಭಯ ನಿಜವಾಗಿಯೂ ಇದ್ದರೆ ಅದೇ ಸಂಹಿತೆಯ 24ನೇ ಕಲಮಿನಡಿ ಪ್ರಧಾನ ಜಿಲ್ಲಾ ನ್ಯಾಯಾಧೀಶರ ಮುಂದೆ ದಾವೆಯ ವರ್ಗಾವಣೆ ಕೋರಬಹುದು. ಅದು ದೂರಿಗಿಂತ ಬೇಗ ಫಲ ಕೊಡುವ ಪರಿಹಾರ.

ಉತ್ತರ ಬಾರದಿರುವುದಕ್ಕೆ ಒಂದು ಸರಳ ಕಾರಣವೂ ಇರಬಹುದು. ನೀವು ದೂರಿನ ಜೊತೆಗೆ ಅಫಿಡವಿಟ್ ಇಟ್ಟಿದ್ದಿರಾ? 2014ರ ಅಕ್ಟೋಬರಿನಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳು ಎಲ್ಲ ಹೈಕೋರ್ಟುಗಳಿಗೆ ಕಳುಹಿಸಿದ ಮಾರ್ಗಸೂಚಿಯ ಪ್ರಕಾರ, ಅಧೀನ ನ್ಯಾಯಾಂಗದ ಅಧಿಕಾರಿಗಳ ಮೇಲಿನ ದೂರಿಗೆ ಪ್ರಮಾಣ ಮಾಡಿದ ಅಫಿಡವಿಟ್ಟೂ, ಪರಿಶೀಲಿಸಿ ನೋಡಬಹುದಾದ ಆಧಾರವೂ ಇರಬೇಕು. ಇವಿಲ್ಲದ ದೂರನ್ನು ಮುಂದಕ್ಕೆ ಒಯ್ಯುವುದಿಲ್ಲ.

ಉತ್ತರ 2 (ನಿವೃತ್ತ ಶಿರಸ್ತೇದಾರರು)

ತಾಯಿ, ನಾನು ಮೂವತ್ತು ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಒಳಗಿನ ದಾರಿಯನ್ನು ನನಗೆ ತಿಳಿದಷ್ಟು ಹೇಳುತ್ತೇನೆ.

ತಾಲ್ಲೂಕಿನ ನ್ಯಾಯಾಧೀಶರಿಗೆ ಸಂಸತ್ತಿನ ಸಮಿತಿ ಇಲ್ಲ. ಸಂವಿಧಾನದ 235ನೇ ವಿಧಿ ಜಿಲ್ಲಾ ಮತ್ತು ಅದರ ಕೆಳಗಿನ ನ್ಯಾಯಾಲಯಗಳ ಮೇಲಿನ ನಿಯಂತ್ರಣವನ್ನು ಹೈಕೋರ್ಟಿಗೆ ಒಪ್ಪಿಸಿದೆ. ವರ್ಗಾವಣೆ, ಬಡ್ತಿ, ರಜೆ, ಶಿಸ್ತು ಎಲ್ಲವೂ ಅಲ್ಲಿಯೇ. ದೂರು ಬಂದರೆ ಹೈಕೋರ್ಟಿನ ವಿಜಿಲೆನ್ಸ್ ವಿಭಾಗದ ರಿಜಿಸ್ಟ್ರಾರ್ ಮುಂದೆ ಹೋಗುತ್ತದೆ. ಪ್ರತಿ ಜಿಲ್ಲೆಗೂ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿಗಳು ಆಡಳಿತಾತ್ಮಕ ನ್ಯಾಯಮೂರ್ತಿಗಳಾಗಿರುತ್ತಾರೆ, ಕಡತ ಅವರ ಗಮನಕ್ಕೂ ಬರುತ್ತದೆ. ಹುರುಳಿದೆ ಎನಿಸಿದರೆ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಂದ ವರದಿಯನ್ನೋ, ದೂರಿಗೆ ಒಳಗಾದ ಅಧಿಕಾರಿಯಿಂದ ವಿವರಣೆಯನ್ನೋ ಕೇಳುತ್ತಾರೆ. ಕೆಲವೊಮ್ಮೆ ಸದ್ದಿಲ್ಲದೆ ವಿಚಾರಿಸುತ್ತಾರೆ. ವಿವರಣೆ ಒಪ್ಪಿಗೆಯಾಗದಿದ್ದರೆ ದೋಷಾರೋಪ ಪಟ್ಟಿ ಕೊಟ್ಟು ಇಲಾಖಾ ವಿಚಾರಣೆ ನಡೆಸುತ್ತಾರೆ. ಅದರಲ್ಲಿ ದೂರುದಾರರು ಸಾಕ್ಷಿ ಹೇಳಬೇಕು, ಪಾಟೀಸವಾಲನ್ನೂ ಎದುರಿಸಬೇಕು. ನಿಮ್ಮ ತಾಯಿಯವರು ಮತ್ತೊಮ್ಮೆ ಅಂಥ ಸ್ಥಳದಲ್ಲಿ ನಿಲ್ಲಲು ಸಿದ್ಧರಿದ್ದಾರೆಯೇ ಎಂದು ಈಗಲೇ ಕೇಳಿಕೊಳ್ಳಿ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕಾಗಿ ಬರೆದೆ.

ಸೇವೆಯಿಂದ ವಜಾ ಮಾಡುವಂಥ ದೊಡ್ಡ ಶಿಕ್ಷೆಯಾದರೆ ಆದೇಶ ರಾಜ್ಯಪಾಲರ ಹೆಸರಿನಲ್ಲಿ ಹೊರಡುತ್ತದೆ. ಆದರೆ ತೀರ್ಮಾನ ಸರ್ಕಾರದ್ದಲ್ಲ. ಪಂಜಾಬಿನ ಶಂಶೇರ್ ಸಿಂಗ್ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಅಧೀನ ನ್ಯಾಯಾಧೀಶರ ಮೇಲಿನ ವಿಚಾರಣೆಯನ್ನು ಸರ್ಕಾರದ ವಿಜಿಲೆನ್ಸಿಗೆ ಒಪ್ಪಿಸಿದ್ದು ತಪ್ಪು, ಹೈಕೋರ್ಟೇ ಅದನ್ನು ನಡೆಸಬೇಕಿತ್ತು ಎಂದು ಹೇಳಿತು. ಆದ್ದರಿಂದ ಮುಖ್ಯಮಂತ್ರಿಗಳ ಕಚೇರಿಗೋ ಜಿಲ್ಲಾಧಿಕಾರಿಗಳಿಗೋ ಬರೆದರೆ ಕಾಗದ ಸುತ್ತಿ ಸುತ್ತಿ ಕೊನೆಗೆ ಹೈಕೋರ್ಟಿಗೇ ಬರುತ್ತದೆ.

ನನ್ನ ಸೇವೆಯಲ್ಲಿ ಕಣ್ಣಾರೆ ಕಂಡ ಎರಡು ದೂರುಗಳ ಮಾತು ಹೇಳುತ್ತೇನೆ. ಒಂದು ನಲವತ್ತು ಪುಟದ್ದು, ಟೈಪು ಮಾಡಿಸಿ ಬೈಂಡು ಹಾಕಿಸಿದ್ದು. ಅದರಲ್ಲಿ ‘ಭ್ರಷ್ಟ’, ‘ದುಷ್ಟ’, ‘ಸರ್ವಾಧಿಕಾರಿ’ ಎಂಬ ಪದಗಳು ಪುಟಪುಟಕ್ಕೂ ಇದ್ದವು, ದಿನಾಂಕ ಒಂದೂ ಇರಲಿಲ್ಲ. ಇನ್ನೊಂದು ಒಬ್ಬ ರೈತರು ಕೈಬರಹದಲ್ಲಿ ಬರೆದ ಒಂದೂವರೆ ಪುಟ. ಇಂಥ ತಾರೀಕು, ಬೆಳಗಿನ ಹನ್ನೊಂದೂವರೆ ಸುಮಾರು, ಇಂಥ ಮೊಕದ್ದಮೆ ಕರೆದಾಗ ನಾನು ಎದ್ದು ನಿಂತೆ, ಹೀಗೆ ಅಂದರು, ಪಕ್ಕದಲ್ಲಿ ಇಂಥಿಂಥವರಿದ್ದರು. ಅಷ್ಟೇ. ಮೊದಲನೆಯದು ಕಡತಕ್ಕೆ ಸೇರಿತು. ಎರಡನೆಯದಕ್ಕೆ ವರದಿ ಕೇಳಿ ನಮ್ಮ ಕಚೇರಿಗೆ ಪತ್ರ ಬಂತು, ಆ ದಿನದ ಡೈರಿಯನ್ನೂ ಆರ್ಡರ್ ಶೀಟನ್ನೂ ತರಿಸಿಕೊಂಡರು. ಆ ಅಧಿಕಾರಿಗೆ ಏನು ಶಿಕ್ಷೆಯಾಯಿತೋ ನಮಗೆ ತಿಳಿಸಲಿಲ್ಲ, ಆ ರೈತರಿಗೂ ತಿಳಿಸಲಿಲ್ಲ. ಆದರೆ ಆ ಕೋರ್ಟಿನಲ್ಲಿ ಕಕ್ಷಿದಾರರನ್ನು ಏಕವಚನದಲ್ಲಿ ಕರೆಯುವುದು ನಿಂತಿತು. ಅದನ್ನು ನಾನು ದಿನವೂ ಕೂತು ಕೇಳಿದ್ದೇನೆ.

ಉತ್ತರ 3 (ನ್ಯಾಯಾಂಗದ ವಿಷಯವಾಗಿ ಬರೆಯುವವರು)

ನೀವು ಪತ್ರಿಕೆಯಲ್ಲಿ ಓದಿದ ವಿಷಯಕ್ಕೆ ಬರುತ್ತೇನೆ. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ವಿಚಾರ ಪೂರ್ತಿ ಬೇರೆ. 124ನೇ ವಿಧಿಯ 4ನೇ ಉಪವಿಧಿಯಂತೆ, ರುಜುವಾತಾದ ದುರ್ವರ್ತನೆ ಅಥವಾ ಅಸಮರ್ಥತೆಯ ಆಧಾರದ ಮೇಲೆ ಸಂಸತ್ತಿನ ಎರಡೂ ಸದನಗಳು ಒಟ್ಟು ಸದಸ್ಯರ ಬಹುಮತದಿಂದಲೂ, ಹಾಜರಿದ್ದು ಮತ ಹಾಕಿದವರ ಮೂರನೇ ಎರಡು ಭಾಗದ ಬಹುಮತದಿಂದಲೂ ಒಂದೇ ಅಧಿವೇಶನದಲ್ಲಿ ಒಪ್ಪಿದರೆ ಮಾತ್ರ ರಾಷ್ಟ್ರಪತಿಗಳು ಅವರನ್ನು ತೆಗೆಯಬಹುದು. 1968ರ ನ್ಯಾಯಾಧೀಶರ ವಿಚಾರಣಾ ಕಾಯ್ದೆಯ ಪ್ರಕಾರ ನೋಟಿಸಿಗೆ ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರ ಸಹಿ ಬೇಕು. ಸ್ಪೀಕರ್ ಅಥವಾ ಸಭಾಪತಿ ಅದನ್ನು ಅಂಗೀಕರಿಸಿದರೆ ಮೂವರ ಸಮಿತಿ ರಚಿಸುತ್ತಾರೆ: ಸುಪ್ರೀಂ ಕೋರ್ಟಿನ ಒಬ್ಬರು, ಹೈಕೋರ್ಟೊಂದರ ಮುಖ್ಯ ನ್ಯಾಯಮೂರ್ತಿ ಒಬ್ಬರು, ಹೆಸರಾಂತ ಕಾನೂನು ಪಂಡಿತರೊಬ್ಬರು.

ದೆಹಲಿ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಯಶವಂತ ವರ್ಮಾ ಅವರ ಮನೆಯ ಆವರಣದಲ್ಲಿ 2025ರ ಮಾರ್ಚ್ 14ರಂದು ಬೆಂಕಿ ಬಿದ್ದು, ಸುಟ್ಟ ನೋಟುಗಳ ವಿಷಯ ಹೊರಬಂದಾಗ ಎರಡು ಬಗೆಯ ಪರಿಶೀಲನೆಗಳು ಒಂದರ ಹಿಂದೆ ಒಂದು ನಡೆದವು. ಮೊದಲನೆಯದು ನ್ಯಾಯಾಂಗದ್ದೇ ಆದ ಆಂತರಿಕ ವಿಧಾನ. ಆ ಸಮಿತಿಯಲ್ಲಿ ಇಬ್ಬರು ಮುಖ್ಯ ನ್ಯಾಯಮೂರ್ತಿಗಳ ಜೊತೆಗೆ ನಮ್ಮ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಅನು ಶಿವರಾಮನ್ ಇದ್ದರು. ಎರಡನೆಯದು ಸಂಸತ್ತಿನದು: 146 ಸಂಸದರ ಸಹಿಯಿದ್ದ ನೋಟಿಸಿನ ಮೇಲೆ ಆಗಸ್ಟ್ 12ರಂದು ಲೋಕಸಭೆಯ ಸ್ಪೀಕರ್ ರಚಿಸಿದ ಸಮಿತಿ. ಅದರಲ್ಲಿ ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಅರವಿಂದ ಕುಮಾರ್, ಮದ್ರಾಸ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಮತ್ತು ನಮ್ಮ ರಾಜ್ಯದ ಅಡ್ವೊಕೇಟ್ ಜನರಲ್ ಆಗಿದ್ದ ಬಿ.ವಿ. ಆಚಾರ್ಯ ಅವರು ಸೇರಿದರು.

ಈ ಆಂತರಿಕ ವಿಧಾನದ ಚರಿತ್ರೆ ನೋಡಿದರೆ ನನಗೆ ತಳಮಳವಾಗುತ್ತದೆ. ಸಂಸತ್ತಿನವರೆಗೆ ಹೋಗುವಷ್ಟು ದೊಡ್ಡದಲ್ಲದ, ಆದರೆ ಸುಮ್ಮನೆ ಬಿಡುವಷ್ಟು ಚಿಕ್ಕದೂ ಅಲ್ಲದ ದುರ್ನಡತೆಗೆ ಏನು ಮಾಡಬೇಕೆಂಬ ಪ್ರಶ್ನೆ 1995ರ ರವಿಚಂದ್ರನ್ ಅಯ್ಯರ್ ಪ್ರಕರಣದಲ್ಲಿ ಎದ್ದಿತು. 1999ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳ ಸಭೆ ಈ ವಿಧಾನವನ್ನು ಒಪ್ಪಿಕೊಂಡಿತು. ದೂರಿನಲ್ಲಿ ಸತ್ಯಾಂಶ ಕಂಡರೆ ರಾಜೀನಾಮೆಗೆ ಸಲಹೆ ಕೊಡಬಹುದು, ಕೇಳದಿದ್ದರೆ ಕೆಲಸ ಹಂಚದೆ ಇಟ್ಟು ರಾಷ್ಟ್ರಪತಿಗಳಿಗೂ ಪ್ರಧಾನಿಗಳಿಗೂ ತಿಳಿಸಬಹುದು. ಆದರೆ ವಿಚಾರಣೆಯ ವರದಿ ದೂರು ಕೊಟ್ಟವರ ಕೈಗೆ ಬರುವ ಹಕ್ಕು ಇಲ್ಲ. ಕರ್ನಾಟಕ ಹೈಕೋರ್ಟಿನ ಕೆಲವು ನ್ಯಾಯಮೂರ್ತಿಗಳ ಮೇಲಿನ ಆರೋಪದ ವರದಿಯನ್ನು ಬಹಿರಂಗಪಡಿಸಬೇಕೆಂದು ಹಿರಿಯ ವಕೀಲರಾದ ಇಂದಿರಾ ಜೈಸಿಂಗ್ ಸಲ್ಲಿಸಿದ ಅರ್ಜಿಯನ್ನು 2003ರಲ್ಲಿ ಸುಪ್ರೀಂ ಕೋರ್ಟು ತಿರಸ್ಕರಿಸಿತು. ವರ್ಮಾ ಅವರ ವಿಷಯದಲ್ಲಿ ದೆಹಲಿಯ ಮುಖ್ಯ ನ್ಯಾಯಮೂರ್ತಿಗಳ ಪ್ರಾಥಮಿಕ ವರದಿಯನ್ನೂ, ಚಿತ್ರಗಳನ್ನೂ ಸುಪ್ರೀಂ ಕೋರ್ಟು ತನ್ನ ಜಾಲತಾಣದಲ್ಲಿ ಹಾಕಿದ್ದು ದೊಡ್ಡ ಬದಲಾವಣೆ. ಅದು ಒಬ್ಬ ಮುಖ್ಯ ನ್ಯಾಯಮೂರ್ತಿಯ ಮನಸ್ಸಿನ ಮೇಲೆ ನಿಲ್ಲದೆ ನಿಯಮವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಂಸತ್ತಿನ ದಾರಿಯ ಕಥೆಯೂ ಸಮಾಧಾನ ಕೊಡುವಂಥದಲ್ಲ. 1993ರ ಮೇ 11ರಂದು ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ವಿರುದ್ಧದ ನಿರ್ಣಯಕ್ಕೆ ಲೋಕಸಭೆಯಲ್ಲಿ 196 ಮತ ಬಿದ್ದವು, ವಿರುದ್ಧ ಒಂದೂ ಬೀಳಲಿಲ್ಲ, ಆದರೆ 205 ಸದಸ್ಯರು ಮತ ಹಾಕದೆ ಕುಳಿತದ್ದರಿಂದ ನಿರ್ಣಯ ಬಿತ್ತು. ವಿಚಾರಣಾ ಸಮಿತಿ ಹಲವು ಆರೋಪಗಳು ರುಜುವಾತಾಗಿವೆ ಎಂದು ವರದಿ ಕೊಟ್ಟ ಮೇಲೆ ಹೀಗಾಯಿತು. ಕಲ್ಕತ್ತದ ಸೌಮಿತ್ರ ಸೇನ್ ಅವರ ವಿರುದ್ಧ 2011ರಲ್ಲಿ ರಾಜ್ಯಸಭೆ ನಿರ್ಣಯ ಒಪ್ಪಿದ ಮೇಲೆ, ಲೋಕಸಭೆಯಲ್ಲಿ ಮತಕ್ಕೆ ಬರುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಅವರ ಮೇಲೆ ತಮಿಳುನಾಡಿನ ಭೂ ಒತ್ತುವರಿಯ ಆರೋಪ ಬಂದಾಗ, ಬೆಂಗಳೂರಿನ ವಕೀಲರು ಬೀದಿಗಿಳಿದ 2009ರ ದಿನಗಳು ನಮ್ಮಲ್ಲಿ ಹಲವರಿಗೆ ನೆನಪಿರಬೇಕು. ಅವರನ್ನು ಸಿಕ್ಕಿಂ ಹೈಕೋರ್ಟಿಗೆ ವರ್ಗ ಮಾಡಿದರು. ಸಮಿತಿಯ ಕೆಲಸ ಮುಗಿಯುವ ಮೊದಲೇ 2011ರ ಜುಲೈನಲ್ಲಿ ಅವರೂ ರಾಜೀನಾಮೆ ಕೊಟ್ಟರು, ವಿಚಾರಣೆ ಅಲ್ಲಿಗೇ ನಿಂತಿತು. ಆರೋಪ ನಿಜವೋ ಸುಳ್ಳೋ ಎಂದು ತೀರ್ಮಾನವಾಗುವುದು ಜನರಿಗೂ ಬೇಕು, ಆರೋಪಕ್ಕೆ ಒಳಗಾದವರಿಗೂ ಬೇಕು. ರಾಜೀನಾಮೆ ಆ ಎರಡನ್ನೂ ಕಿತ್ತುಕೊಳ್ಳುತ್ತದೆ.

ಇದನ್ನು ಸರಿಪಡಿಸಲು ತಂದ ಮಸೂದೆಯನ್ನು 2012ರಲ್ಲಿ ಲೋಕಸಭೆ ಒಪ್ಪಿತು, 2014ರಲ್ಲಿ ಆ ಲೋಕಸಭೆಯ ಅವಧಿಯ ಜೊತೆಗೇ ಅದೂ ಬಿದ್ದುಹೋಯಿತು.

ಉತ್ತರ 4 (ಕಾನೂನು ವಿದ್ಯಾರ್ಥಿ)

ಮೇಲಿನ ಮೂವರ ಮಾತಿಗೂ ಒಂದು ಸೇರಿಸುತ್ತೇನೆ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ವಿಚಾರಣೆಯ ಹೊತ್ತಿನಲ್ಲಿ ಆಡಿದ ಮಾತುಗಳ ಬಗ್ಗೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅವರು ತೆರೆದ ನ್ಯಾಯಾಲಯದಲ್ಲಿ ವಿಷಾದ ವ್ಯಕ್ತಪಡಿಸಿದ ಮೇಲೆ ಕೆಲವೇ ದಿನಗಳಲ್ಲಿ ಅದು ಮುಕ್ತಾಯವಾಯಿತು. ಯಾರೂ ಅಫಿಡವಿಟ್ ಹಾಕಬೇಕಾಗಲಿಲ್ಲ, ಯಾರೂ ನಾಲ್ಕು ತಿಂಗಳು ಕಾಯಬೇಕಾಗಲಿಲ್ಲ. ಕಾರಣವೇನೆಂದರೆ ಆ ಕಲಾಪ ನೇರಪ್ರಸಾರದಲ್ಲಿತ್ತು, ಆಡಿದ ಮಾತು ಆಡಿದಂತೆಯೇ ಉಳಿದಿತ್ತು. ಪ್ರಶ್ನೆ ಕೇಳಿದ ಮೇಡಂ ಅವರ ತಾಯಿ ನಿಂತಿದ್ದ ಕೋಣೆಯಲ್ಲಿ ಕ್ಯಾಮೆರಾ ಇರಲಿಲ್ಲ. ನೇರಪ್ರಸಾರವನ್ನು ವಿರೋಧಿಸುವವರ ವಾದ ನನಗೆ ಗೊತ್ತಿದೆ, ಕೌಟುಂಬಿಕ ವ್ಯಾಜ್ಯಗಳು ಊರೆಲ್ಲ ಹರಡುವುದು ನನಗೂ ಬೇಡ. ಪ್ರಸಾರ ಬೇಡ, ಧ್ವನಿಮುದ್ರಣವಾದರೂ ಇರಲಿ, ಅದು ಪ್ರಧಾನ ಜಿಲ್ಲಾ ನ್ಯಾಯಾಧೀಶರ ಕಪಾಟಿನಲ್ಲಿ ಬೀಗ ಹಾಕಿ ಇರಲಿ. ಸುಳ್ಳು ದೂರಿನಿಂದ ನೊಂದ ನ್ಯಾಯಾಧೀಶರಿಗೂ ಅದೇ ರಕ್ಷಣೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಾನು ಕಳುಹಿಸಿದ್ದ ದೂರಿನ ಪ್ರತಿಯನ್ನು ನಿನ್ನೆ ರಾತ್ರಿ ಮತ್ತೆ ಓದಿದೆ. ಆರು ಪುಟಗಳಲ್ಲಿ ನಾಲ್ಕೂವರೆ ಪುಟ ತಡೆಯಾಜ್ಞೆಯ ಆದೇಶ ಹೇಗೆ ತಪ್ಪು ಎಂಬುದರ ಬಗ್ಗೆಯೇ ಇದೆ. ತಾಯಿಗೆ ಆಡಿದ ಮಾತು ಐದನೇ ಪುಟದ ಕೆಳಗೆ ಮೂರು ಸಾಲಿನಲ್ಲಿದೆ. ಅಫಿಡವಿಟ್ ಇಟ್ಟಿರಲಿಲ್ಲ.

ಶಿರಸ್ತೇದಾರರ ಮಾತಿನಂತೆ ತಾಯಿಯನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೊಲದ ಹೆಸರು ಹೇಳಿದ್ದು ಸುಳ್ಳಲ್ಲವಲ್ಲ, ಎಲ್ಲಿ ಬೇಕಾದರೂ ಹೇಳ್ತೀನಿ’ ಎಂದರು. ಅಪೀಲನ್ನೂ ದೂರನ್ನೂ ಬೇರೆ ಬೇರೆಯಾಗಿಯೇ ಮಾಡುತ್ತೇವೆ. ವರ್ಗಾವಣೆಯ ಅರ್ಜಿ ಸದ್ಯಕ್ಕೆ ಬೇಡವೆಂದು ತೀರ್ಮಾನಿಸಿದ್ದೇವೆ. ಒಂದೇ ಒಂದು ಸಂಶಯ ಉಳಿದಿದೆ: ಆ ದಿನ ಆಡಿದ ಮಾತನ್ನು ಅಫಿಡವಿಟ್ಟಿನಲ್ಲಿ ಇದ್ದ ಹಾಗೆಯೇ ಏಕವಚನದಲ್ಲಿ ಬರೆಯುವುದೇ, ಅಥವಾ ‘ಅಗೌರವವಾಗಿ ಮಾತನಾಡಿದರು’ ಎಂದು ಬರೆದರೆ ಸಾಕೇ? ತಾಯಿಗೆ ಸಹಿ ಮಾಡಲು ಬರುತ್ತದೆ, ಓದಲು ಬರುವುದಿಲ್ಲ.

ಉತ್ತರ 1 ಬರೆದವರು

ಇದ್ದ ಹಾಗೆಯೇ ಬರೆಯಿರಿ ಮೇಡಂ. ‘ಅಗೌರವವಾಗಿ’ ಎಂಬುದು ನಿಮ್ಮ ತೀರ್ಮಾನ. ‘ಯಾಕೆ ಬಂದೆ’ ಎಂಬುದು ನಡೆದ ಸಂಗತಿ, ಅದು ಅಗೌರವವೋ ಅಲ್ಲವೋ ಎಂದು ಓದಿದವರು ತೀರ್ಮಾನಿಸುತ್ತಾರೆ. ಮಾತನ್ನು ಗ್ರಾಂಥಿಕ ಭಾಷೆಗೆ ತಿದ್ದಬೇಡಿ. ಸರಿಯಾಗಿ ನೆನಪಿಲ್ಲದ ಪದವಿದ್ದರೆ ಅದನ್ನು ಬಿಟ್ಟುಬಿಡಿ. ತಾಯಿಯವರದು ಒಂದು, ಪಕ್ಕದಲ್ಲಿ ನಿಂತು ಕೇಳಿದ ನಿಮ್ಮದು ಇನ್ನೊಂದು, ಹೀಗೆ ಎರಡು ಅಫಿಡವಿಟ್ ಮಾಡಿಸಿ. ಅವರಿಗೆ ಓದಲು ಬಾರದಿರುವುದರಿಂದ, ‘ಇದರಲ್ಲಿರುವುದನ್ನು ಕನ್ನಡದಲ್ಲಿ ಓದಿ ಹೇಳಲಾಯಿತು, ಅರ್ಥ ಮಾಡಿಕೊಂಡು ಸಹಿ ಮಾಡಿದ್ದಾರೆ’ ಎಂಬ ಸಾಲು ಅವರ ಸಹಿಯ ಮೇಲೆ ಇರಲೇಬೇಕು, ಮತ್ತು ನೋಟರಿಯವರು ನಿಜವಾಗಿಯೂ ಓದಿ ಹೇಳಬೇಕು. ಆ ದಿನದ ಆರ್ಡರ್ ಶೀಟಿನ ದೃಢೀಕೃತ ನಕಲನ್ನು ಜೊತೆಗಿಡಿ, ಅದರಲ್ಲಿ ಮಾತು ಇಲ್ಲದಿದ್ದರೂ ತಾಯಿಯವರು ಆ ದಿನ ಕಟಕಟೆಯಲ್ಲಿ ನಿಂತಿದ್ದರೆಂಬುದಕ್ಕೆ ಅದು ಆಧಾರ. ಸ್ಪೀಡ್ ಪೋಸ್ಟಿನ ರಸೀದಿಯನ್ನು ದೂರಿನ ಪ್ರತಿಯ ಹಿಂದೆಯೇ ಅಂಟಿಸಿಟ್ಟುಕೊಳ್ಳಿ.